ಗುಂಡಿ ನುಂಗಿದ ವಿಶ್ರಾಮ

ಮಾರ್ಚ್ ೪, ಸೋಮವಾರ

ಅಕ್ಕ ಬಂದಳು. ಅವಳ ಮನೆಯ ನೆಲ ಅಗೆದು ನೀರಿನ ಕೊಳವೆ ಬದಲಿಸುತ್ತಿದ್ದಾರಂತೆ. ಮುಗಿಯುವವರೆಗೆ ತಮ್ಮನ ಮನೆಯೇ ಗತಿ. ಸಾಮಾನು ಹೆಚ್ಚಿಲ್ಲ. ಒಂದು ಹಾಸಿಗೆ ಸುರುಳಿ, ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಒಂದು ಬುಟ್ಟಿ. ಬುಟ್ಟಿಯ ಸಂದಿನಿಂದ ಎರಡು ಹಸಿರು ಕಣ್ಣುಗಳು ನನ್ನನ್ನು, ಬಾಡಿಗೆ ಬಾಕಿ ಉಳಿಸಿಕೊಂಡವನನ್ನು ಮಾಲೀಕ ನೋಡುವಂತೆ ನೋಡಿದವು.

ಅಕ್ಕ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಕೆಲಸದಿಂದ ನಿವೃತ್ತಳಾದರೂ ಗಂಟಲು ಇನ್ನೂ ನಿವೃತ್ತಿ ಪಡೆದಿಲ್ಲ. ಹೊಸ್ತಿಲು ದಾಟುವ ಮೊದಲೇ, "ಬೆನ್ನು ನೆಟ್ಟಗೆ ಮಾಡೋ. ಈ ವಯಸ್ಸಿಗೇ ಪ್ರಶ್ನೆ ಚಿಹ್ನೆ ಥರ ಆಗಿದ್ದೀಯ" ಎಂದಳು. ನನ್ನ ಹೆಂಡತಿ ಮುಸಿಮುಸಿ ನಕ್ಕಳು. ಅತ್ತಿಗೆ ನಾದಿನಿ ಕಚ್ಚಾಡುವ ಮನೆಗಳೂ ಇವೆಯಂತೆ, ಪುಣ್ಯವಂತರು. ನಮ್ಮ ಮನೆಯಲ್ಲಿ ಇಬ್ಬರೂ ಒಂದಾಗಿ ನನ್ನನ್ನು ಕಚ್ಚುತ್ತಾರೆ.

ಬೆಕ್ಕಿನ ಹೆಸರು ವಿಶ್ರಾಮ. "ಸಾವಧಾನ್ ಅಂದ್ರೂ ಮಲಗ್ತಾಳೆ, ವಿಶ್ರಾಮ್ ಅಂದ್ರೂ ಮಲಗ್ತಾಳೆ. ಹೆಸರಾದ್ರೂ ಹೊಂದಲಿ ಅಂತ ಇಟ್ಟೆ" ಎಂದಳು ಅಕ್ಕ. ನಾನು ಬೆಕ್ಕನ್ನು ಬೆಕ್ಕು ಎಂದೇ ಕರೆಯುವವನು.

ಅಕ್ಕ ಬಂದಳು ಬುಟ್ಟಿ ಹೊತ್ತು,
ಬುಟ್ಟಿಯೊಳಗೆ ಬೆಕ್ಕೂ ಇತ್ತು.

ಮಾರ್ಚ್ ೫, ಮಂಗಳವಾರ

ಕಾರ್ಖಾನೆಯಲ್ಲಿ ಉಗ್ರಾಣದ ಮೆಟ್ಟಿಲಿಗೆ ಮೂರನೆಯ ಬೋರ್ಡು ಬರೆದು ನೇತುಹಾಕಿದೆ. ಅಂಗಿ ಕೋಟುಗಳ ಗುಂಡಿ ತಯಾರಿಸುವ ಕಾರ್ಖಾನೆಗೊಂದು ಸುರಕ್ಷತಾ ವಿಭಾಗ ಬೇಕೆಂದು ನಿಯಮ. ವಿಭಾಗವೆಂದರೆ ನಾನು, ಕೆಂಪು ಬಣ್ಣದ ಡಬ್ಬಿ ಮತ್ತು ಕುಂಚ.

ನೋಡಿ ಇಟ್ಟರೆ ಕಾಲು,
ಉಳಿಯುವುದು ಮೂಳೆ ಕೀಲು.

ಮ್ಯಾನೇಜರು ಕೈಕಟ್ಟಿ ನಿಂತು ಓದಿ, "ಭೇಷ್! ಇದನ್ನ ಓದಿದ ಮೇಲೂ ಬಿದ್ರೆ ಬಿದ್ದೋರದ್ದೇ ತಪ್ಪು" ಎಂದರು. ಆ ಮೆಟ್ಟಿಲಿನ ಹಲಗೆ ಸಡಿಲವಾಗಿ ಬಹಳ ಕಾಲವಾಯಿತು. ಬಡಗಿಯನ್ನು ಕರೆಸುವ ವಿಚಾರ 'ಗಮನದಲ್ಲಿದೆ'. ನಮ್ಮಲ್ಲಿ ಒಂದು ವಿಚಾರ ಗಮನದಲ್ಲಿದೆ ಎಂದರೆ ಅದಕ್ಕೆ ದೀರ್ಘಾಯುಷ್ಯ ಎಂದರ್ಥ. ಹೋದ ತಿಂಗಳು ಪ್ಯಾಕಿಂಗಿನ ಹೆಂಗಸೊಬ್ಬಳು ಎರಡನೆಯ ಬೋರ್ಡನ್ನು ಓದುತ್ತಾ ಹತ್ತುವಾಗಲೇ ಎಡವಿ ಪಾದ ಉಳುಕಿಸಿಕೊಂಡಳು. ಆದ್ದರಿಂದ ಮೂರನೆಯದರಲ್ಲಿ ಅಕ್ಷರ ದೊಡ್ಡದು ಮಾಡಿದ್ದೇನೆ.

ಮಾರ್ಚ್ ೭, ಗುರುವಾರ

ಅಕ್ಕ ಬೆಳಿಗ್ಗೆ ಸೀಟಿ ಊದಿ ಎಬ್ಬಿಸುತ್ತಾಳೆ. ಹಲ್ಲುಜ್ಜಲು ಸಾಲು. ನೀರು ಕಾಯಿಸಲು ಸಾಲು. ಮನೆಯಲ್ಲಿರುವುದೇ ನಾವು ಮೂವರು. ಆದರೂ ಸಾಲಿನಲ್ಲಿ ನಾನು ಕೊನೆಯವನು, ಎತ್ತರದ ಪ್ರಕಾರವಂತೆ. ಸಾಲು ಮೀರುವ ಅಧಿಕಾರ ಬೆಕ್ಕಿಗೆ ಮಾತ್ರ. ಅದು ನನ್ನ ಕುರ್ಚಿಯಲ್ಲಿ ಮಲಗುತ್ತದೆ, ನನ್ನ ಕಪ್ಪು ಕೋಟಿನ ಮೇಲೆ ಬಿಳಿ ಕೂದಲು ಬಿಟ್ಟು ಕೋಟಿಗೆ ನನಗಿಂತ ಮೊದಲು ಮುಪ್ಪು ತರಿಸಿದೆ.

ಅಕ್ಕನ ಕೈಗೆ ಕೆಲಸ ಕೊಟ್ಟರೆ ಬಾಯಿಗೆ ಬಿಡುವು ಸಿಕ್ಕೀತೆಂದು ಒಂದು ಉಪಾಯ ಮಾಡಿದೆ. ಅಂಗಡಿಗಳಿಗೆ ಕಳಿಸುವ ಮಾದರಿ ಕಾರ್ಡುಗಳಿಗೆ ಗುಂಡಿ ಹೊಲಿಯುವುದು ಕಾರ್ಖಾನೆಯವರು ಮನೆಮನೆಗೂ ಕೊಡುವ ಕೆಲಸ. ಒಂದು ಕಟ್ಟು ಕಾರ್ಡು, ಹಿತ್ತಾಳೆ ಗುಂಡಿ, ಗಟ್ಟಿ ನೈಲಾನ್ ದಾರ ತಂದುಕೊಟ್ಟೆ. ದಾರ ಗುಂಡಿಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದ್ದಾಯಿತು. ಅಕ್ಕ ಗುಂಡಿಗಳನ್ನೂ ಸಾಲಾಗಿ ನಿಲ್ಲಿಸಿ ಹೊಲಿಯುತ್ತಾಳೆ. ಬೆಕ್ಕು ಪಕ್ಕದಲ್ಲಿ ಕೂತು ದಾರದ ತುದಿಯನ್ನೇ, ಯಾವುದೋ ದೊಡ್ಡ ಯೋಜನೆ ಹಾಕಿದಂತೆ, ನೋಡುತ್ತಿರುತ್ತದೆ.

ಬೆಕ್ಕು ಬಂತು ಮನೆಗೆ,
ಕುರ್ಚಿ ಹೋಯಿತು ಕೊನೆಗೆ.

ಮಾರ್ಚ್ ೯, ಶನಿವಾರ

ಊಟವಾದ ಮೇಲೆ ಅಕ್ಕ ಗಾಬರಿಯಿಂದ ಕರೆದಳು. ಒಂದು ಗುಂಡಿ ಪೋಣಿಸಿಟ್ಟಿದ್ದ ಉದ್ದ ದಾರ ಕಾಣುತ್ತಿಲ್ಲ. ಬೆಕ್ಕು ಮೂಲೆಯಲ್ಲಿ ಕೂತು ನಾಲಿಗೆ ಹೊರಳಿಸುತ್ತಾ ಜೊಲ್ಲು ಸುರಿಸುತ್ತಿತ್ತು.

"ನುಂಗಿಬಿಟ್ಟಳು ಕಣೋ. ಡಾಕ್ಟ್ರ ಹತ್ರ ಹೋಗೋಣ."

ಆತುರ ಅಪಾಯಕ್ಕೆ ದಾರಿ ಎಂಬುದು ಸುರಕ್ಷತೆಯ ಮೊದಲ ಪಾಠ. ಮೊದಲು ವಿಚಾರಣೆ ನಡೆಸಿದೆ. ಡಬ್ಬಿಯನ್ನು ಕೆಳಗಿಟ್ಟವರು ಯಾರು? ಅಕ್ಕ. ಫೋನ್ ಬಂತೆಂದು ಅಕ್ಕನನ್ನು ಎಬ್ಬಿಸಿದವರು ಯಾರು? ನನ್ನ ಹೆಂಡತಿ. ಕಾರ್ಖಾನೆಯಿಂದ ದಾರ ತಂದವರು ಯಾರು ಎಂದು ಹೆಂಡತಿ ಕೇಳಿದಾಗ ವಿಚಾರಣೆಯನ್ನು ಮುಂದೂಡಿದೆ.

"ಗುಂಡಿ ಬಟಾಣಿಯಷ್ಟೂ ಇಲ್ಲ ಅಕ್ಕ. ಹೋದ ದಾರೀಲೇ ಬರುತ್ತೆ. ಗಮನಿಸೋಣ."

ಆಮೇಲೆ ಸುಮ್ಮನೆ ಕೂರಲಿಲ್ಲ. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಡಬ್ಬಿಗೆ ಅಂಟಿಸಿದೆ:

ಹೊಲಿಗೆ ಮುಗಿದ ಮೇಲೆ ದಾರ,
ಡಬ್ಬಿಯಿಂದ ಇರದಿರಲಿ ದೂರ.

ನನ್ನ ಉತ್ತಮ ಪ್ರಾಸಗಳಲ್ಲಿ ಒಂದು. ಹೆಂಡತಿ ಓದಿ, "ರೀ, ದಾರ ಡಬ್ಬೀಲೇ ಇತ್ತಂತೆ. ಡಬ್ಬಿಗೆ ಮುಚ್ಚಳ ಇಲ್ಲ" ಎಂದಳು. ಹೆಂಗಸರಿಗೆ ಕಾವ್ಯದ ಎದುರು ಮುಚ್ಚಳದ ಮಾತು.

ಸಂಜೆ ಬೆಕ್ಕು ಎರಡು ಸಲ ಓಕರಿಸಿತು. ಏನೂ ಬರಲಿಲ್ಲ. ಅಕ್ಕ ಇಟ್ಟ ಹಾಲು ಹಾಗೇ ಇದೆ. ಗಮನಿಸುತ್ತಿದ್ದೇವೆ.

ಮಾರ್ಚ್ ೧೦, ಭಾನುವಾರ

ಇವತ್ತಿನದು ಉದ್ದ ಬರೆಯಬೇಕು. ಕುಂಚ ಮೂಲೆಗಿಟ್ಟು ಪೆನ್ನು ಹಿಡಿದಿದ್ದೇನೆ.

ಬೆಳಿಗ್ಗೆ ಬೆಕ್ಕು ಕಪಾಟಿನ ಕೆಳಗೆ ಸೇರಿಕೊಂಡಿತ್ತು. ಹಳದಿ ನೀರು ವಾಂತಿ ಮಾಡಿತ್ತು. ಅಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಒಳಗೆ ನೋಡುತ್ತಿದ್ದಳು. ಕೆಳಮನೆಯ ಕಾಂಪೌಂಡರ್ ಮಾವ, ಯಾವುದೋ ಕಾಲದಲ್ಲಿ ದವಾಖಾನೆಯಲ್ಲಿ ಔಷಧಿ ಕಲಸಿಕೊಡುತ್ತಿದ್ದವರು, ಸದ್ದು ಕೇಳಿ ಮೇಲೆ ಬಂದರು.

"ಒಂದು ಲೋಟ ಉಪ್ಪುನೀರು ಹೊಟ್ಟೆಗೆ ಬಿಡಿ. ಸರಾಗವಾಗಿ ಕಕ್ಕುತ್ತೆ. ಇಲ್ಲಾಂದ್ರೆ ಹರಳೆಣ್ಣೆ. ಆ ಕಡೆಯಿಂದ ಸರಾಗ."

"ಮಾವ, ನಿಮ್ಮ ಕೈ ಔಷಧಿ ಕುಡಿದೋರೆಲ್ಲ ಈಗ ಹೇಗಿದ್ದಾರೆ?" ಎಂದಳು ನನ್ನ ಹೆಂಡತಿ.

"ಎಲ್ಲಾ ಹೋದ್ರಮ್ಮ. ವಯಸ್ಸಾಗಿತ್ತು ಪಾಪ."

ಎಣ್ಣೆಯೋ ಉಪ್ಪೋ ಎಂದು ಚರ್ಚೆ ನಡೆಯುವಾಗ ಅಕ್ಕ ಬೆಕ್ಕನ್ನು ಹೇಗೋ ಹೊರಗೆ ತಂದು ಮಡಿಲಲ್ಲಿ ಕೂರಿಸಿಕೊಂಡಳು. ಆಗ ಕಂಡಿತು. ಬಾಯಿಯ ಮೂಲೆಯಿಂದ ಒಂದಿಷ್ಟು ಬಿಳಿ ದಾರ ನೇತಾಡುತ್ತಿತ್ತು.

ನಮ್ಮ ಕಾರ್ಖಾನೆಯಲ್ಲಿ ನೇತಾಡುವ ದಾರ ಕಂಡರೆ ಯಾರೂ ಯೋಚಿಸುವುದಿಲ್ಲ. ಕಾರ್ಡಿನ ಮೇಲಿರಲಿ, ಎದುರಿಗೆ ಬಂದ ಮ್ಯಾನೇಜರ ತೋಳಿನ ಮೇಲಿರಲಿ, ಎರಡು ಬೆರಳಿನಲ್ಲಿ ಹಿಡಿ, ಸರಕ್ಕನೆ ಎಳಿ. ಅಷ್ಟು ವರ್ಷಗಳ ಅಭ್ಯಾಸ. ಕೈ ತಾನಾಗಿ ಹೋಯಿತು. ಹಿಡಿಯಿತು. ಬೆಕ್ಕಿನ ಕುತ್ತಿಗೆ ದಾರದ ಜೊತೆಗೇ ಮುಂದಕ್ಕೆ ಬಂತು, ಅದುವರೆಗೆ ನಾನು ಕೇಳಿರದ ಒಂದು ಸದ್ದು ಬಂತು.

"ಸಾವಧಾನ್!"

ಮನೆ ಅದುರಿತು. ನನ್ನ ಹಿಮ್ಮಡಿಗಳು ಕೂಡಿಕೊಂಡವು, ಕೈಗಳೆರಡೂ ತೊಡೆಯ ಪಕ್ಕಕ್ಕೆ ಬಂದವು, ದಾರ ಬೆರಳಿನಿಂದ ಜಾರಿತು. ಚಿಕ್ಕಂದಿನಲ್ಲಿ ಅಕ್ಕ ತನ್ನ ಡ್ರಿಲ್ಲನ್ನೆಲ್ಲ ಅಭ್ಯಾಸ ಮಾಡಿದ್ದು ನನ್ನ ಮೇಲೆ. ದೇಹ ಇನ್ನೂ ಮರೆತಿಲ್ಲ. ನನ್ನ ಹೆಂಡತಿಯೂ ನೆಟ್ಟಗೆ ನಿಂತಿದ್ದಳು. ಕಾಂಪೌಂಡರ್ ಮಾವನ ಬೆನ್ನು ನಾನು ನೋಡಿದಾಗಿನಿಂದ ಮೊದಲ ಬಾರಿಗೆ ನೇರವಾಗಿತ್ತು.

"ಎಳೀತೀಯಲ್ಲೋ! ಒಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ ಏನೋ, ಅವಳ ತಲೆಯೇ ಬರ್ತಿದೆ ಕಾಣಲ್ವಾ? ಫೋನ್ ಮಾಡು."

ಪಶುವೈದ್ಯೆಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನ ದನಿ, ಆದರೆ ಅಕ್ಕನ ಜಾತಿಯದೇ. "ದಾರ ಮುಟ್ಟಬೇಡಿ, ಕತ್ತರಿಸಬೇಡಿ. ವಾಂತಿ ಮಾಡಿಸಬೇಡಿ. ಎಣ್ಣೆ, ಉಪ್ಪು, ಹಾಲು, ಏನೂ ಹಾಕಬೇಡಿ. ಬುಟ್ಟೀಲಿ ಇಟ್ಟು ಈಗಲೇ ಹೊರಡಿ." ಪ್ರಾಸವಿಲ್ಲದ ಮಾತು. ಒಂದೂ ಮರೆಯಲಿಲ್ಲ.

ಆಸ್ಪತ್ರೆಯಲ್ಲಿ ಬೆಕ್ಕಿನ ಬಾಯಿ ತೆರೆದು ನೋಡಿದ ಡಾಕ್ಟರು, ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದೆ ಎಂದರು. ಎಕ್ಸ್‌ರೇ ತೆಗೆದರು. ಬೂದಿ ಬಣ್ಣದ ಹೊಟ್ಟೆಯ ನಡುವೆ ನಮ್ಮ ಹಿತ್ತಾಳೆ ಗುಂಡಿ ಹುಣ್ಣಿಮೆಯಂತೆ ಹೊಳೆಯುತ್ತಿತ್ತು. ನಾಲ್ಕು ತೂತು ಕೂಡ ಎದ್ದು ಕಾಣುತ್ತಿದ್ದವು. ಗುಣಮಟ್ಟ ಎಂದರೆ ಅದು.

"ಒಂದು ತುದಿ ನಾಲಿಗೆಗೆ ಸಿಕ್ಕಿದೆ, ಇನ್ನೊಂದು ತುದೀನ ಗುಂಡಿ ಹಿಡ್ಕೊಂಡಿದೆ. ಮಧ್ಯದಲ್ಲಿ ಕರುಳು, ಪೈಜಾಮಕ್ಕೆ ಲಾಡಿ ಎಳೆದ ಹಾಗೆ, ನೆರಿಗೆ ನೆರಿಗೆಯಾಗಿ ಕೂತಿದೆ. ಇನ್ನೂ ಎಳೆದಿದ್ರೆ ದಾರ ಗರಗಸದ ಹಾಗೆ ಕುಯ್ದು ಬಿಡ್ತಿತ್ತು. ಯಾವಾಗ ನುಂಗಿದ್ದು?"

"ನಿನ್ನೆ ಮಧ್ಯಾಹ್ನ" ಎಂದೆ.

"ನಿನ್ನೆ! ಇಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಗಮನಿಸ್ತಾ ಇದ್ವಿ."

"ಗಮನಿಸಿ ಏನು ಕಂಡ್ರಿ?"

ಉತ್ತರ ಕೊಟ್ಟವಳು ನನ್ನ ಹೆಂಡತಿ. "ಒಂದು ಬೋರ್ಡು ಬರೆದಿದ್ದಾರೆ ಡಾಕ್ಟ್ರೇ. ಪ್ರಾಸ ಚೆನ್ನಾಗಿದೆ."

ಡಾಕ್ಟರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಹೊಟ್ಟೆ ತೆರೆಯಬೇಕು, ಉಳಿಯುವ ಭರವಸೆ ಅರ್ಧಕ್ಕರ್ಧ ಎಂದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅಕ್ಕ ಬೆನ್ನು ಒರಗಿಸದೆ ಕೂತಳು. ಒಂದು ತೊಟ್ಟು ಕಣ್ಣೀರಿಲ್ಲ. ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಹಿಡಿಯನ್ನು ಸವರುತ್ತಿದ್ದಳು.

"ನೋಡೋ, ಜೀವನ ಪೂರ್ತಿ ಎಲ್ಲರೂ ನನ್ನ ಮಾತು ಕೇಳಿದ್ರು. ಮಕ್ಕಳು, ಮೇಷ್ಟ್ರುಗಳು, ನೀನು. ನಿಲ್ಲು ಅಂದ್ರೆ ನಿಂತ್ರು. ಶಾಲೆ ಬಿಟ್ಟ ದಿನ ಮನೆಗೆ ಬಂದು ನೋಡಿದ್ರೆ, ಕೂಗಿದ್ರೆ ನಿಲ್ಲೋಕೆ ಯಾರೂ ಇಲ್ಲ. ಇವಳು ಕಿಟಕೀಲಿ ಬಂದು ಕೂತಿದ್ಳು. 'ಹೋಗು' ಅಂದೆ. ಹೋಗಲಿಲ್ಲ. ನನ್ನ ಮಾತು ಕೇಳದ ಒಂದೇ ಪ್ರಾಣಿ. ಅದಕ್ಕೇ ಇಟ್ಕೊಂಡೆ."

ಖಾಲಿ ಬುಟ್ಟಿಯೊಳಗೆ ಇಣುಕಿ, "'ಹೋಗಬೇಡ' ಅಂದ್ರೆ ಇವತ್ತೊಂದು ದಿನ ಕೇಳ್ತಾಳೋ ಏನೋ" ಎಂದಳು.

ಬೆಳಕು ಇಳಿಯುವ ಹೊತ್ತಿಗೆ ಡಾಕ್ಟರು ಹೊರಬಂದರು. ನಾಲಿಗೆಯ ಬುಡದಲ್ಲಿ ದಾರ ಕತ್ತರಿಸಿ, ಹೊಟ್ಟೆಯನ್ನೂ ಕರುಳನ್ನೂ ಅಲ್ಲಲ್ಲಿ ತೆರೆದು ತುಂಡು ತುಂಡಾಗಿ ತೆಗೆದರಂತೆ. ಜೀವ ಇದೆ. ತಾನಾಗಿ ತಿನ್ನುವವರೆಗೆ ಏನೂ ಹೇಳಲಾಗದು.

ಕತ್ತರಿಗೆ ತತ್ತರಿ ಎಂಬ ಪ್ರಾಸ ಸಿಗುತ್ತದೆ. ಬೇಡ.

ಮಾರ್ಚ್ ೧೧, ಸೋಮವಾರ

ರಜೆ ಕೇಳಲು ಹೋದಾಗ ಮ್ಯಾನೇಜರಿಗೆ ಕಾರಣ ಹೇಳಬೇಕಾಯಿತು. ಅವರ ಮುಖ ಅರಳಿತು.

"ಅಂದ್ರೆ ನಮ್ಮ ಗುಂಡಿ ಹೊಟ್ಟೆಯೊಳಗಿನ ಆಮ್ಲಕ್ಕೂ ಜಗ್ಗಲಿಲ್ಲ! ಹೊಳಪು ಹೇಗಿತ್ತು?"

"ಡಾಕ್ಟ್ರು ಸ್ವಲ್ಪ ಕಪ್ಪಾಗಿತ್ತು ಅಂದ್ರು ಸಾರ್. ಇನ್ನೂ ಇದ್ದಿದ್ರೆ ಲೋಹವೇ ವಿಷವಾಗಬಹುದಿತ್ತಂತೆ."

"ಆ ಭಾಗ ಬಿಡಿ. ಜಾಹೀರಾತಿಗೆ ಎರಡು ಸಾಲು ಬರ್ಕೊಡಿ. ಬೆಕ್ಕಿನ ಚಿತ್ರ ಹಾಕೋಣ."

ಅಂಗಿ, ನುಂಗಿ. ಬಾಯಿಯ ತುದಿಗೇ ಬಂದಿತ್ತು. ಕೊಡಲಿಲ್ಲ. ರಜೆ ಚೀಟಿಗೆ ಸಹಿ ಹಾಕಿಸಿಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಅದು ಕಣ್ಣು ಅರ್ಧ ತೆರೆದು ಮಲಗಿದೆ. ಹೊಟ್ಟೆಯ ಕೂದಲು ಬೋಳಿಸಿದ್ದಾರೆ. ಇಷ್ಟು ಚಿಕ್ಕ ಪ್ರಾಣಿ ಎಂದು ಗೊತ್ತಿರಲಿಲ್ಲ. ಎಲ್ಲ ಕೂದಲೇ.

ಮಾರ್ಚ್ ೧೨, ಮಂಗಳವಾರ

ತಿನ್ನಲಿಲ್ಲ.

ಬೆಳಿಗ್ಗೆ ಅಕ್ಕ ಸೀಟಿ ಊದಲಿಲ್ಲ. ಎಲ್ಲರೂ ತಡವಾಗಿ ಎದ್ದೆವು. ಸಾಲಿಲ್ಲದೆ ಹಲ್ಲುಜ್ಜಿದೆವು. ನನ್ನ ಕುರ್ಚಿ ಖಾಲಿ ಇತ್ತು. ಕೂರಲಿಲ್ಲ.

ಮಾರ್ಚ್ ೧೩, ಬುಧವಾರ

ಮುಖ ತೊಳೆಸಿಕೊಂಡು ಬರಲು ಅಕ್ಕನನ್ನು ಹೆಂಡತಿ ಕರೆದುಕೊಂಡು ಹೋದಳು. ಆಸ್ಪತ್ರೆಯಲ್ಲಿ ಬೆಕ್ಕಿನ ಗೂಡಿನ ಮುಂದೆ ನಾನೊಬ್ಬನೇ. ಡಾಕ್ಟರು ಕೊಟ್ಟಿದ್ದ ಮೆದು ಆಹಾರವನ್ನು ಅಕ್ಕ ಬೆಳಿಗ್ಗೆಯಿಂದ ಚಮಚದಲ್ಲಿ ಹಿಡಿದೂ ಹಿಡಿದೂ ಸೋತಿದ್ದಳು. ಚಮಚ ಕಂಡರೆ ಮುಖ ತಿರುಗಿಸುತ್ತಿತ್ತು. ನಾನು ಒಂದು ಬೆರಳಿನಲ್ಲಿ ತೆಗೆದು ಮೂತಿಯ ಹತ್ತಿರ ಹಿಡಿದೆ. ಎಳೆಯುವುದಕ್ಕೆ ಹೋದ ಅದೇ ಬೆರಳು. ವಾಸನೆ ನೋಡಿ ನನ್ನನ್ನು ನೋಡಿದಳು.

"ತಿನ್ನೇ ವಿಶ್ರಾಮ. ನನ್ನ ಕುರ್ಚಿ ತಗೋ. ಕೋಟೂ ತಗೋ. ತಿನ್ನೇ."

ನಾಲಿಗೆ ಉಪ್ಪುಕಾಗದದ ಹಾಗಿದೆ. ಬೆರಳು ಪೂರ್ತಿ ನೆಕ್ಕಿದಳು. ಇನ್ನೊಂದು ಸಲ ತೆಗೆದೆ. ಅದನ್ನೂ ನೆಕ್ಕಿದಳು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ. ನನ್ನ ಬೆನ್ನಿನ ಮೇಲೆ ಕೈ ಇಟ್ಟಳು. ಪ್ರಶ್ನೆ ಚಿಹ್ನೆಯ ಹಾಗೆ ಬಗ್ಗಿದ್ದರೂ ನೆಟ್ಟಗೆ ಮಾಡು ಎನ್ನಲಿಲ್ಲ.

ಮಾರ್ಚ್ ೧೪, ಗುರುವಾರ

ಕೆಲಸಕ್ಕೆ ಹೋದೆ. ಪಾದ ಉಳುಕಿದ್ದ ಪ್ಯಾಕಿಂಗಿನ ಹೆಂಗಸು ಒಂದು ಪೆಟ್ಟಿಗೆ ಎತ್ತಿಕೊಂಡು ಉಗ್ರಾಣದ ಮೆಟ್ಟಿಲು ಹತ್ತುತ್ತಿದ್ದಳು. ಇನ್ನೂ ಸ್ವಲ್ಪ ಕುಂಟುತ್ತಾಳೆ. ಪೆಟ್ಟಿಗೆಯ ಮರೆಯಲ್ಲಿ ಅವಳಿಗೆ ಕಾಲೂ ಕಾಣದು, ಬೋರ್ಡೂ ಕಾಣದು. ಹಲಗೆ ಅಲುಗಿತು. ಹೇಗೋ ಗೋಡೆ ಹಿಡಿದಳು.

ಮ್ಯಾನೇಜರ ಕೋಣೆಗೆ ಹೋದೆ.

"ಆ ಮೆಟ್ಟಿಲು ಸಾರ್."

"ಗಮನದಲ್ಲಿದೆಯಲ್ರೀ."

"ಗಮನಿಸಿ ಏನು ಕಂಡ್ರಿ ಸಾರ್?"

ಮಾತು ನನ್ನ ಬಾಯಿಯಿಂದಲೇ ಬಂತು, ದನಿ ಮಾತ್ರ ಸ್ವಲ್ಪ ಅಕ್ಕನದು. ಅವರು ಕುರ್ಚಿಯಿಂದ ಅರ್ಧ ಎದ್ದು ನಿಂತರು. ಯಾಕೆ ಎದ್ದರೆಂದು ಅವರಿಗೂ ತಿಳಿಯಲಿಲ್ಲ ಎನಿಸುತ್ತದೆ. ಎದ್ದ ಮೇಲೆ ಏನಾದರೂ ಮಾಡಲೇಬೇಕಾಯಿತು. ಬಡಗಿಯನ್ನು ಕರೆಸಲು ಒಪ್ಪಿದರು. ನಾನೇ ಹೋಗಿ ಕರೆತಂದೆ. ಹೊಸ ಹಲಗೆ ಕೂರಿಸಿ ಮೊಳೆ ಹೊಡೆಯುವುದು ಚಹಾ ಆರುವಷ್ಟರಲ್ಲಿ ಮುಗಿಯಿತು. ಮೂರು ಬೋರ್ಡುಗಳನ್ನೂ ಇಳಿಸಿದೆ.

"ಹೊಸ ಮೆಟ್ಟಿಲಿಗೆ ಏನು ಬರೀತೀರಿ?" ಎಂದರು ಮ್ಯಾನೇಜರು.

"ಏನೂ ಬೇಡ ಸಾರ್. ಮೆಟ್ಟಿಲೇ ಇದೆಯಲ್ಲ."

ಪ್ಯಾಕಿಂಗಿನ ಹೆಂಗಸು ಹಲಗೆಯ ಮೇಲೆ ಎರಡು ಸಲ ಕುಣಿದು ನೋಡಿ, "ಇದಕ್ಕೆ ಇಷ್ಟು ದಿನ ಕವಿತೆ ಬರೀತಿದ್ರಾ ಅಣ್ಣಾ?" ಎಂದಳು.

ಮಾರ್ಚ್ ೧೬, ಶನಿವಾರ

ವಿಶ್ರಾಮ ಮನೆಗೆ ಬಂದಳು. ಹೊಲಿಗೆ ನೆಕ್ಕಬಾರದೆಂದು ಕೊರಳಿಗೆ ಲಾಳಿಕೆಯಂಥ ಪಟ್ಟಿ ಹಾಕಿದ್ದಾರೆ. ಬಾಗಿಲಿಗೂ ಗೋಡೆಗೂ ಢಿಕ್ಕಿ ಹೊಡೆಯುತ್ತಾ ನೇರವಾಗಿ ನನ್ನ ಕುರ್ಚಿಗೆ ಹೋದಳು. ನಾನು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆನ್ನಿಗೆ ಒಳ್ಳೆಯದೇ.

ಕಾಂಪೌಂಡರ್ ಮಾವ ನೋಡಲು ಬಂದು, "ಹರಳೆಣ್ಣೆ ಕೊಟ್ಟಿದ್ರೆ ಇಷ್ಟೆಲ್ಲ ಬೇಕಿರಲಿಲ್ಲ" ಎಂದರು. ಅಕ್ಕ ಸೀಟಿ ಕೈಗೆ ತೆಗೆದುಕೊಂಡಳು. ಅವರು ಸಾಲಿಲ್ಲದೆಯೇ ಇಳಿದು ಹೋದರು.

ಮಾರ್ಚ್ ೨೩, ಶನಿವಾರ

ಹೊಲಿಗೆ ಬಿಚ್ಚಿದರು. ಕೊರಳಿನ ಪಟ್ಟಿಯೂ ಹೋಯಿತು.

ಅಕ್ಕನ ಮನೆಯಿಂದ ಫೋನ್ ಬಂತು. ಕೊಳವೆ ಕೆಲಸ ಮುಗಿದಿದೆ, ಯಾವಾಗ ಬೇಕಾದರೂ ಬರಬಹುದಂತೆ. ಅವಳು ಹಾಸಿಗೆ ಸುತ್ತತೊಡಗಿದಳು. ಹೊಸ ಸಿಮೆಂಟು ಪೂರ್ತಿ ಒಣಗದೆ ಹೋಗಬಾರದು, ಬೆಕ್ಕಿನ ಪಾದಕ್ಕೆ ಆಗದು ಎಂದೆ.

"ಸಿಮೆಂಟಿನ ಬಗ್ಗೆ ನಿನಗೇನು ಗೊತ್ತೋ?"

"ನಾನು ಸುರಕ್ಷತಾ ವಿಭಾಗ."

"ಎಷ್ಟು ದಿನ ಬೇಕಂತೆ ಒಣಗೋಕೆ?"

"ಮಳೆಗಾಲ ಕಳೀಲಿ ಅತ್ತಿಗೆ" ಎಂದಳು ನನ್ನ ಹೆಂಡತಿ ಒಳಗಿನಿಂದ.

ಅಕ್ಕ ಸುತ್ತಿದ ಹಾಸಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹಾಸಿಗೆಯನ್ನು ಮತ್ತೆ ಬಿಡಿಸಿದಳು.

ಮಧ್ಯಾಹ್ನ ಕಾರ್ಖಾನೆಯಿಂದ ತಂದಿಟ್ಟಿದ್ದ ಮೂರನೆಯ ಬೋರ್ಡನ್ನು ಅಳತೆ ಮಾಡಿ ಗರಗಸದಲ್ಲಿ ಕುಯ್ದೆ. ಅಂಚು ಉಜ್ಜಿ ಬಿಸ್ಕತ್ತಿನ ಡಬ್ಬಿಯ ಮೇಲೆ ಕೂರಿಸಿದೆ, ತಿರುಗುವ ಒಂದು ಚಿಕ್ಕ ಕೊಂಡಿ ಹಾಕಿದೆ. ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಏನೋ ಇದು, 'ನೋಡಿ ಇಟ್ಟ' ಅಂತ ಅರ್ಧಕ್ಕೇ ನಿಂತಿದೆ? ಮುಂದಿನದೆಲ್ಲಿ?"

"ಮುಂದಿನದು ಬೇಡ ಅಕ್ಕ. ಮುಚ್ಚಳ ಅದು."

ದಾರ, ಗುಂಡಿ, ಸೂಜಿ ಎಲ್ಲ ಒಳಗೆ ಹಾಕಿ ಕೊಂಡಿ ತಿರುಗಿಸಿದೆ. ಅಲುಗಾಡಿಸಿ ನೋಡಿದೆ. ತೆರೆಯಲಿಲ್ಲ.

ವಿಶ್ರಾಮ ಕುರ್ಚಿಯಿಂದ ಇಳಿದು ಬಂದು ಮುಚ್ಚಳ ಮೂಸಿದಳು. ಪಂಜದಿಂದ ಕೊಂಡಿಯನ್ನು ಒಮ್ಮೆ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. ಆಮೇಲೆ ಅದರ ಮೇಲೇ ಹತ್ತಿ, ಬೋಳು ಹೊಟ್ಟೆಯನ್ನು ಕೆಂಪು ಅಕ್ಷರಗಳ ಮೇಲೆ ಚೆಲ್ಲಿ ಮಲಗಿದಳು.

ಅಕ್ಕನಿಗೆ ಹೊಲಿಗೆ ಮುಂದುವರಿಸಬೇಕಿತ್ತು. ಡಬ್ಬಿ ಬೇಕಿತ್ತು. ಏಳೇ ಎಂದಳು. ಏಳಲಿಲ್ಲ. ಮೂವರೂ ಕಾಯುತ್ತಾ ಕೂತಿದ್ದೇವೆ.